ತೋಟಪ್ಪನ ಪದ ಹುಡುಕುವ ವಿದ್ಯೆ

ಬೆಟಗೇರಿಯಲ್ಲಿ ಬುದ್ಧಿವಂತರಿಗೆ ಬರವಿಲ್ಲ. ಓಣಿಗೆ ಇಬ್ಬರು ಮೂವರು ಸಿಗುತ್ತಾರೆ, ಕೇಳದಿದ್ದರೂ ಬುದ್ಧಿ ಹೇಳುತ್ತಾರೆ. ಆದರೆ ಜನ ಚಹಾ ಕುಡಿಸಿ, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿಸಿಕೊಳ್ಳುವಂಥ ಬುದ್ಧಿವಂತ ಇದ್ದದ್ದು ಒಬ್ಬನೇ. ಅವನು ಅಂದಾನಪ್ಪ ಸಾಹುಕಾರರ ಸೀರೆ ಅಂಗಡಿಯ ತೋಟಪ್ಪ.

ತೋಟಪ್ಪನ ಕೆಲಸ ಸೀರೆಯಲ್ಲಿ ತಪ್ಪು ಹುಡುಕುವುದು. ನೇಕಾರರು ತಂದ ಸೀರೆಯನ್ನು ಬಿಚ್ಚಿ, ಗಾದಿಯ ಮೇಲೆ ಹರವಿ, ಸೆರಗಿನಿಂದ ಕೊನೆಯವರೆಗೆ ನೋಡಿ, ಎಲ್ಲಿ ಎಳೆ ಹರಿದಿದೆ, ಎಲ್ಲಿ ಅಂಚಿನ ದಡಿ ಜಗ್ಗಿದೆ, ಎಲ್ಲಿ ಕಲೆ ಬಿದ್ದಿದೆ ಎಂದು ಹೇಳಬೇಕು. ಮೂವತ್ತೈದು ವರ್ಷ ತಾನೇ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯ್ದವನು. ಮಗ್ಗ ನಿಂತ ಮೇಲೆ ಬೇರೆಯವರ ತಪ್ಪು ಎತ್ತಿ ಆಡುವ ಈ ಕೆಲಸ ಸಿಕ್ಕಿತು. ಜನ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಇವನಿಗೆ ಪಗಾರ ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಸೀರೆ ನೋಡುವುದು ಹೊಟ್ಟೆಗಾಯಿತು. ಹೆಸರು ತಂದುಕೊಟ್ಟದ್ದು ಮಾತ್ರ ಪತ್ರಿಕೆ. ಅಂಗಡಿಗೆ ಬರುವ ಪತ್ರಿಕೆಯ ಒಳಪುಟದಲ್ಲಿ ದಿನವೂ ಒಂದು ಚೌಕ ಇರುತ್ತದೆ. ಉದ್ದಕ್ಕೆ ಹದಿನೈದು ಮನೆ, ಅಡ್ಡಕ್ಕೆ ಹದಿನೈದು ಮನೆ, ಮನೆಗೊಂದು ಅಕ್ಷರ. ಕೆಳಗೆ ಹನ್ನೆರಡು ಪದಗಳ ಪಟ್ಟಿ. ಆ ಪದಗಳು ಚೌಕದೊಳಗೆ ಅಡ್ಡ, ಉದ್ದ, ಓರೆ, ತಲೆಕೆಳಗು ಎಂದು ಹೇಗೆ ಬೇಕಾದರೂ ಅಡಗಿ ಕುಳಿತಿರುತ್ತವೆ. ಹುಡುಕಿ ಸುತ್ತಲೂ ಗೆರೆ ಎಳೆಯಬೇಕು. ಬೆಳಿಗ್ಗೆ ಹತ್ತಕ್ಕೆ ಅಂದಾನಪ್ಪ ಊದಿನಕಡ್ಡಿ ಹಚ್ಚಿ ಕುಳಿತರೆಂದರೆ ತೋಟಪ್ಪ ಪತ್ರಿಕೆಯನ್ನು ತೊಡೆಯ ಮೇಲಿಟ್ಟು ಪೆನ್ನಿನ ಟೋಪಿ ತೆಗೆಯುವನು. ಚಹಾ ಆರುವುದರೊಳಗೆ ಹನ್ನೆರಡೂ ಮುಗಿದಿರುತ್ತಿದ್ದವು. ಮದುವೆ ಬಟ್ಟೆಗೆಂದು ಲಕ್ಷ್ಮೇಶ್ವರದಿಂದ ಬಂದವರು ಸೀರೆ ಆರಿಸುವುದನ್ನು ಬಿಟ್ಟು ಇವನ ಕೈಯನ್ನೇ ನೋಡುತ್ತ ಕೂರುವರು.

"ಹೆಂಗ ಸಿಗತಾವ್ರಿ ನಿಮಗ?" ಎಂದು ಯಾರಾದರೂ ಒಬ್ಬರು ಕೇಳಬೇಕು, ಸಾಕು.

"ಸಣ್ಣ ಪದಕ್ಕ ಮೊದಲ ಕೈ ಹಾಕಬ್ಯಾಡ್ರಿ," ಎಂದು ತೋಟಪ್ಪ ಶುರು ಮಾಡುವನು. "ಎರಡಕ್ಷರದ್ದು ಎಲ್ಲಿ ಬೇಕಲ್ಲಿ ಸಿಕ್ಕಂಗ ಮಾಡಿ ಮೋಸ ಮಾಡತೈತಿ. ಉದ್ದಂದು ಹಿಡೀರಿ. ಅದರಾಗ ಠ, ಝ, ಢ ಅಂಥಾದ್ದೊಂದು ಅಪರೂಪದ ಅಕ್ಷರ ಇದ್ರ ಅದನ್ನ ಹುಡಕ್ರಿ. ಇಡೀ ಚೌಕದಾಗ ಒಂದೋ ಎರಡೋ ಇರತಾವು. ಸಿಕ್ಕ ಮ್ಯಾಲೆ ಅದರ ಸುತ್ತ ಎಂಟೂ ದಿಕ್ಕಿಗೆ ನೋಡ್ರಿ. ಇಲ್ಲಂದ್ರ ಮೊದಲ ಹಾಸು ಹಿಡದು ಮ್ಯಾಲಿಂದ ಕೆಳಗ ಬರ್ರಿ, ಆಮ್ಯಾಲೆ ಹೊಕ್ಕು ಹಿಡದು ಅಡ್ಡಕ್ಕ ಹೋಗ್ರಿ. ಹಂಗೂ ಸಿಗಲಿಲ್ಲಂದ್ರ ಪೇಪರ ತಲಿಕೆಳಗ ಮಾಡ್ರಿ. ಕಡೀಕ ಕಣ್ಣ ಮುಚ್ಚಿ ಚಹಾ ಕುಡೀರಿ. ಕಣ್ಣಿಗೆ ಸಿಗದ್ದು ಮನಸಿಗೆ ಸಿಗತೈತಿ."

ಆ ಕೊನೆಯ ಮಾತಿನ ಅರ್ಥವೇನೆಂದು ಯಾರೂ ಕೇಳುತ್ತಿರಲಿಲ್ಲ. ಅರ್ಥವಾಗದ ಮಾತಿಗೇ ನಮ್ಮಲ್ಲಿ ಮರ್ಯಾದೆ ಹೆಚ್ಚು. ಹದ್ದಿನ ಕಣ್ಣಿನ ತೋಟಪ್ಪ ಎಂಬ ಹೆಸರು ಮುಂಡರಗಿ ಬಸ್ಸು ಹತ್ತಿ ಅತ್ತ ಕಡೆಯೂ ಹೋಗಿಬಿಟ್ಟಿತ್ತು.

ಇದರಲ್ಲಿ ಒಂದೇ ಒಂದು ಸಣ್ಣ ತೊಡಕು. ತೋಟಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕುರುಡನೇನಲ್ಲ. ದಾರಿ ಕಾಣುತ್ತಿತ್ತು, ಎದುರಿಗೆ ಬಂದವರು ಗಂಡಸೋ ಹೆಂಗಸೋ ತಿಳಿಯುತ್ತಿತ್ತು. ಆದರೆ ಎರಡು ವರ್ಷದಿಂದ ಎರಡೂ ಕಣ್ಣಿಗೆ ಪೊರೆ ಬಂದು ಪತ್ರಿಕೆಯ ಅಕ್ಷರವೆಲ್ಲ ಚೆಲ್ಲಿದ ರಾಗಿಯಂತೆ ಆಗಿತ್ತು. ಅದಕ್ಕಿಂತ ಮೊದಲು ಅವನು ಖರೇನೇ ಪದ ಹುಡುಕುತ್ತಿದ್ದ. ಆ ವಿದ್ಯೆಯೆಲ್ಲ ಆಗಿನದೇ. ಕಣ್ಣು ಹೋದರೂ ವಿದ್ಯೆ ಉಳಿದಿತ್ತು, ಅದನ್ನು ಹೇಳಲು ಬಾಯಿಯೂ ಉಳಿದಿತ್ತು. ಉಳಿಯಬೇಕಾದದ್ದು ಗಾದಿ. ಕಣ್ಣಿಲ್ಲದವನನ್ನು ಸೀರೆಯ ತಪ್ಪು ಹುಡುಕಲು ಕೂರಿಸಿಕೊಳ್ಳುವ ಸಾಹುಕಾರ ಇನ್ನೂ ಹುಟ್ಟಿಲ್ಲ. ವಿಷಯ ಗೊತ್ತಾದ ದಿನವೇ ಅಂದಾನಪ್ಪ ಇಳಿಸಿಬಿಡುತ್ತಾರೆ. ಅರವತ್ತೆರಡರ ವಯಸ್ಸಿನಲ್ಲಿ, ಹೆಸರೂ ಕಳೆದುಕೊಂಡು, ಮನೆಯ ಕಟ್ಟೆಯ ಮೇಲೆ ಕೂರುವುದನ್ನು ನೆನೆದರೆ ತೋಟಪ್ಪ ಅರ್ಧ ರೊಟ್ಟಿಗೇ ಕೈ ತೊಳೆದುಬಿಡುತ್ತಿದ್ದ.

ಸೀರೆಯ ಕೆಲಸವನ್ನು ಬೆರಳು ನೋಡಿಕೊಳ್ಳುತ್ತಿತ್ತು. ಹರಿದ ಎಳೆ, ಬಿಟ್ಟ ಹೊಕ್ಕು, ಸಡಿಲಾದ ದಡಿ, ಇವೆಲ್ಲ ನೇಕಾರನ ಬೆರಳಿಗೆ ತಾವಾಗಿ ಬಂದು ತಾಗುತ್ತವೆ. ಬೆರಳಿಗೆ ಸಿಗದ್ದು ಕಲೆ ಒಂದೇ. ಒಮ್ಮೆ ಎಣ್ಣೆಯ ಕಲೆಯಿದ್ದ ಸೀರೆ ಶಿರಹಟ್ಟಿಯವರೆಗೂ ಹೋಗಿ ತಿರುಗಿ ಬಂದಿತ್ತು. "ಇಲ್ಲಿಂದ ಹೋಗುಮುಂದ ಇರಲಿಲ್ಲ ಬಿಡ್ರಿ, ಅವರ ಮನ್ಯಾಗ ಹತ್ತೈತಿ," ಎಂದು ತೋಟಪ್ಪ ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ, ಸೀರೆ ತಂದವರೇ ತಪ್ಪಾಯಿತೆಂದು ಹೋದರು.

ಗದಗಿನ ಕಣ್ಣಿನ ದವಾಖಾನೆಗೆ ಬೆಟಗೇರಿಯಿಂದ ಎಷ್ಟು ದೂರ? ಬಸ್ಸಿನಲ್ಲಿ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಉಗುಳುವಷ್ಟರಲ್ಲಿ ಬರುತ್ತದೆ. ಪೊರೆ ತೆಗೆಯುವುದು ಅರ್ಧ ಗಂಟೆಯ ಕೆಲಸವೆಂದು ಓಣಿಯ ಎಲ್ಲರಿಗೂ ಗೊತ್ತು, ತೋಟಪ್ಪನಿಗೂ ಗೊತ್ತು. ಹೆಂಡತಿ ದ್ಯಾಮವ್ವ ದಿನಕ್ಕೊಮ್ಮೆ "ಹೋಗಿ ಬರ್ರಿ" ಎನ್ನುವಳು. ಬೇಸಿಗೆಯಲ್ಲಿ ಕೇಳಿದರೆ ಬಿಸಿಲಿಗೆ ಗಾಯ ಮಾಯುವುದಿಲ್ಲ ಎನ್ನುವನು, ಮಳೆಗಾಲದಲ್ಲಿ ನಂಜಾಗುತ್ತದೆ ಎನ್ನುವನು, ಚಳಿಗಾಲದಲ್ಲಿ ಮುಂದಿನ ಬೇಸಿಗೆ ನೋಡೋಣ ಎನ್ನುವನು. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆ. ಮಗ್ಗದ ಕುಣಿಯಲ್ಲಿ ಹಾವು ಕಂಡಾಗ ಬರಿಗೈಯಲ್ಲಿ ಹಿಡಿದೆಸೆದ ಮನುಷ್ಯ, ಕಣ್ಣಿನ ಹತ್ತಿರ ಚಾಕು ಬರುತ್ತದೆ ಎಂದರೆ ಮೈಯೆಲ್ಲ ಬೆವರಿ ಹೋಗುತ್ತಿದ್ದ.

ಹಾಗಾದರೆ ದಿನಾ ಹನ್ನೆರಡು ಪದ ಹುಡುಕಿದವರು ಯಾರು?

ಬೆಳಿಗ್ಗೆ ಐದೂವರೆಗೆ ತೋಟಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ ಅದೇ ಪತ್ರಿಕೆಯ ಒಂದು ಪ್ರತಿ ತರುವನು. ದ್ಯಾಮವ್ವ ಒಲೆಯ ಮೇಲೆ ಎಸರಿಟ್ಟು ಪತ್ರಿಕೆ ಹರವಿಕೊಳ್ಳುವಳು. ಅವಳು ಓದಿದ್ದು ನಾಲ್ಕನೇ ಇಯತ್ತೆ. ಉದ್ದನ ಪದ, ಅಪರೂಪದ ಅಕ್ಷರ, ಹಾಸು ಹೊಕ್ಕು ಯಾವುದರ ಗೊಡವೆಯೂ ಅವಳಿಗಿಲ್ಲ. ಸುಮ್ಮನೆ ನೋಡುತ್ತ ಕೂರುವಳು, ಸ್ವಲ್ಪ ಹೊತ್ತಿಗೆ ಬೆರಳಿಟ್ಟು "ಇದs ನೋಡ್ರಿ" ಎನ್ನುವಳು.

"ಹೆಂಗ ಹುಡಿಕಿದಿ?"

"ಹುಡಕೋದೇನ್ರಿ, ಜ್ವಾಳದಾಗ ಹರಳ ಆರಿಸಿದಂಗ. ಜ್ವಾಳ ನೋಡಕೋತ ಕುಂತ್ರ ಹರಳ ತಾನs ಕಾಣತೈತಿ."

"ಅದೇನ ರೀತಿ ಅಲ್ಲ," ಎಂದು ತೋಟಪ್ಪ ಬೇಸರಪಟ್ಟುಕೊಳ್ಳುವನು. ತನ್ನ ಪದ್ಧತಿಯಲ್ಲಿ ಹುಡುಕೆಂದು ಎಷ್ಟೋ ಸಲ ಹೇಳಿ ನೋಡಿದ. ಅವಳು ಹಾಗೆ ಪ್ರಯತ್ನಿಸಿದ ದಿನ ಮೂರೇ ಪದ ಸಿಕ್ಕು ರೊಟ್ಟಿ ಹೊತ್ತಿಹೋಯಿತು. ಮತ್ತೆ ಹೇಳಲಿಲ್ಲ.

ಅವಳು ಹುಡುಕಿದ್ದನ್ನು ಅವನು ಬಾಯಿಪಾಠ ಮಾಡುವನು. ಮೂರನೇ ಸಾಲು ಐದನೇ ಮನೆಯಿಂದ ಅಡ್ಡ, ನಾಲ್ಕು ಮನೆ. ಹದಿನೈದನೇ ಸಾಲು ಎರಡನೇ ಮನೆಯಿಂದ ಮೇಲಕ್ಕೆ, ಆರು ಮನೆ. ನಾಲ್ಕು ಎತ್ತು ಎರಡು ಬಿಡು ಎಂದು ದಡಿಯ ಲೆಕ್ಕವನ್ನು ಮೂವತ್ತೈದು ವರ್ಷ ತಲೆಯಲ್ಲಿಟ್ಟುಕೊಂಡವನಿಗೆ ಹನ್ನೆರಡು ಪದ ಯಾವ ಲೆಕ್ಕ? ಅಂಗಡಿಯಲ್ಲಿ ಚೌಕದ ಅಂಚಿಗೆ ಉಗುರು ತಾಗಿಸಿ, ಅಳತೆಯ ಮೇಲೆ ಗೆರೆ ಎಳೆದುಬಿಡುತ್ತಿದ್ದ. ಇಷ್ಟೆಲ್ಲ ಕಷ್ಟಪಡುವ ಬದಲು ಅರ್ಧ ಗಂಟೆ ದವಾಖಾನೆಯಲ್ಲಿ ಮಲಗಿ ಬರಬಹುದಿತ್ತಲ್ಲ ಎಂದು ನಿಮಗನಿಸಬಹುದು. ದ್ಯಾಮವ್ವನೂ ಅದನ್ನೇ ಹೇಳುತ್ತಿದ್ದಳು.

ಇದರಲ್ಲಿ ಮೋಸವಿದೆಯೆಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ. ನೇಕಾರರ ಮನೆಯ ಪದ್ಧತಿಯೇ ಅದು. ಕಂಡಿಕೆಗೆ ನೂಲು ಸುತ್ತುವುದು ಹೆಂಡತಿ, ಹಾಸಿನ ಎಳೆಗೆ ಗಂಜಿ ಹಚ್ಚುವುದು ಹೆಂಡತಿ, ಹರಿದ ಎಳೆ ಕೂಡಿಸುವುದು ಹೆಂಡತಿ. ಸೀರೆ ಮುಗಿದ ಮೇಲೆ "ಯಾರ ನೇಯ್ದಿದ್ದು?" ಎಂದರೆ ತೋಟಪ್ಪ. ಪದದ್ದೂ ಹಾಗೇ ನಡೆದಿತ್ತು. ಈಚೆಗೆ ಮಾತ್ರ ದ್ಯಾಮವ್ವ ಒಲೆಯ ಮುಂದಿನಿಂದ ಎದ್ದು ಪತ್ರಿಕೆಯನ್ನು ಹೊಸ್ತಿಲಿಗೆ ಒಯ್ಯುತ್ತಿದ್ದಳು, ಹೊತ್ತು ಹೆಚ್ಚು ಹಿಡಿಯುತ್ತಿತ್ತು. "ಜಲ್ದಿ ಮಾಡು, ಮನಸ್ಸಿಟ್ಟ ನೋಡಂಗಿಲ್ಲ ನೀ," ಎಂದು ತೋಟಪ್ಪ ಗದರುತ್ತಿದ್ದ.

ಹೀಗೆ ಸುಖವಾಗಿದ್ದಾಗ ಅಂದಾನಪ್ಪನವರ ಮಗ ನಂದೀಶನಿಗೆ ಒಂದು ಯೋಚನೆ ಬಂತು. ಓದಿದ ಹುಡುಗರಿಗೆ ಯೋಚನೆ ಬಂದರೆ ಕೆಲಸ ಮಾಡುವವರಿಗೆ ಕೇಡು. ಶ್ರಾವಣದಲ್ಲಿ ಗಿರಾಕಿ ಹೆಚ್ಚಿಸಬೇಕೆಂದು ಅವನು ಅಂಗಡಿಯ ಮುಂದೆ ಒಂದು ಸ್ಪರ್ಧೆ ಇಟ್ಟ. ದೊಡ್ಡ ಫ್ಲೆಕ್ಸ್ ಮೇಲೆ ತಾನೇ ಮಾಡಿದ ಅಕ್ಷರಗಳ ಚೌಕ, ಹತ್ತು ಪದ. ತೋಟಪ್ಪ ಗಜಕೋಲು ಹಿಡಿದು ತೋರಿಸುತ್ತ ಹೋಗಬೇಕು. ನೆರೆದ ಗಿರಾಕಿಗಳಿಗೆಲ್ಲ ಅದೇ ಚೌಕದ ಝೆರಾಕ್ಸ್ ಹಂಚುವುದು. ಯಾವುದಾದರೂ ಪದವನ್ನು ತೋಟಪ್ಪನಿಗಿಂತ ಮೊದಲು ಹುಡುಕಿದವರಿಗೆ ಒಂದು ಸೀರೆ.

"ಊರ ತುಂಬ ಹೇಳೇನ್ರಿ ಕಾಕಾ," ಎಂದ ನಂದೀಶ. "ಯಳವತ್ತಿಯಿಂದನೂ ಮಂದಿ ಬರಾಕ ಹತ್ಯಾರ."

ತೋಟಪ್ಪನಿಗೆ ತೊಡಕು ಕೂಡಲೇ ಹೊಳೆಯಿತು. ಪತ್ರಿಕೆಯ ಚೌಕವಾದರೆ ಬೆಳಿಗ್ಗೆ ಸಿಗುತ್ತದೆ; ನಂದೀಶನ ಚೌಕ ನಂದೀಶನ ಕಂಪ್ಯೂಟರಿನಲ್ಲಿದೆ. ಜ್ವರ ಬಂದಂತೆ ಮಾಡಲೇ ಎಂದು ಯೋಚಿಸಿದ. ಹದ್ದಿಗೆ ಜ್ವರ ಬಂತಂತೆ ಎಂದು ಜನ ನಗುತ್ತಾರೆ. ಮನೆಗೆ ಬಂದು ಹೆಂಡತಿಯ ಮುಂದೆ ಕುಸಿದು ಕುಳಿತ.

"ಇನ್ನೂ ಎಂಟ ದಿನ ಐತಿ. ದವಾಖಾನಿಗೆ ಹೋಗಿ ಬರ್ರಿ," ಎಂದಳು ದ್ಯಾಮವ್ವ.

"ಅದೊಂದ ಬಿಟ್ಟ ಬ್ಯಾರೆ ಹೇಳು."

ಬೇರೆಯದನ್ನು ಅವನೇ ಹುಡುಕಿದ. ಮಗ್ಗ ನಡೆಯುತ್ತಿದ್ದಾಗ ಅವನು ಕುಣಿಯಲ್ಲಿ, ಅವಳು ಹಾಸಿನ ಆಚೆ ತುದಿಯಲ್ಲಿ. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅವನು ಹಗ್ಗ ಒಮ್ಮೆ ಜಗ್ಗಿದರೆ ಹಾಸು ಬಿಡು ಎಂದು, ಎರಡು ಸಲ ಜಗ್ಗಿದರೆ ನಿಲ್ಲು ಎಂದು. ಮೂವತ್ತೈದು ವರ್ಷ ಗಂಡ ಹೆಂಡತಿ ಬಾಯಿಗಿಂತ ಹೆಚ್ಚು ಹಗ್ಗದಲ್ಲೇ ಮಾತಾಡಿದವರು. ಈಗ ದಾರ ಸಾಕು. ಅವನ ಎಡಗೈ ಬೆರಳಿಗೆ ಒಂದು ತುದಿ, ಅಂಗಡಿಯ ಬಾಗಿಲಿಗೆ ತೂಗುಹಾಕಿದ ಸೀರೆಗಳ ಹಿಂದೆ ಝೆರಾಕ್ಸ್ ಹಿಡಿದು ಕೂತ ಅವಳ ಬೆರಳಿಗೆ ಇನ್ನೊಂದು ತುದಿ. ಮೊದಲು ಸಾಲಿನ ಲೆಕ್ಕ, ಸ್ವಲ್ಪ ತಡೆದು ಮನೆಯ ಲೆಕ್ಕ, ಪದ ಕೆಳಕ್ಕಿಳಿದಿದ್ದರೆ ಕೊನೆಗೊಂದು ಉದ್ದನ ಜಗ್ಗು. ಎಂಟು ದಿನ ಅಡುಗೆಮನೆಗೂ ಪಡಸಾಲೆಗೂ ನಡುವೆ ದಾರ ಕಟ್ಟಿ ತಾಲೀಮು ನಡೆಯಿತು. ದ್ಯಾಮವ್ವ ಒಲ್ಲೆನೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಆ ಶುಕ್ರವಾರ ಅಂಗಡಿಯ ಮುಂದೆ ನೂರು ನೂರೈವತ್ತು ಜನ. ಫ್ಲೆಕ್ಸಿನ ಮೇಲೆ ಚೌಕದ ಗೆರೆಗಳು ತೋಟಪ್ಪನಿಗೆ ಮಸುಕಾಗಿ ಕಾಣುತ್ತಿದ್ದವು, ಅಕ್ಷರ ಒಂದೂ ಇಲ್ಲ. ಗೆರೆ ಕಂಡರೆ ಅವನಿಗೆ ಸಾಕಿತ್ತು. ನಂದೀಶ ಪಟ್ಟಿಯ ಮೊದಲ ಪದ ಕೂಗಿ ಸೀಟಿ ಊದಿದ. ದಾರ ಜಗ್ಗಿತು. ನಾಲ್ಕು, ತಡೆದು, ಏಳು. ತೋಟಪ್ಪ ಮನೆಗಳನ್ನೆಣಿಸಿ ಗಜಕೋಲು ಇಟ್ಟ. ಪದ ಸರಿಯಿತ್ತು. ಜನ ಚಪ್ಪಾಳೆ ತಟ್ಟಿದರು. ಎರಡನೆಯದು, ಮೂರನೆಯದು ಬಂದವು. "ಅಪರೂಪದ ಅಕ್ಷರ ಹಿಡಿಬೇಕ್ರಿ," ಎಂದು ನಡುವೆ ಒಂದು ಮಾತನ್ನೂ ಸೇರಿಸಿದ. ನಾಲ್ಕನೆಯದು ಬರಲು ಹೊತ್ತಾಯಿತು, ಐದನೆಯದಕ್ಕೆ ಇನ್ನೂ ಹೊತ್ತಾಯಿತು. ಜನ ಅದನ್ನು ಇವನ ಗತ್ತು ಎಂದುಕೊಂಡರು.

ಆರನೆಯದಕ್ಕೆ ದಾರ ಜಗ್ಗಲೇ ಇಲ್ಲ.

ತೋಟಪ್ಪ ಗಜಕೋಲನ್ನು ಅತ್ತ ಇತ್ತ ಆಡಿಸಿದ, ಕೆಮ್ಮಿದ, ಬೆರಳಿನಿಂದ ತಾನೇ ಮೆಲ್ಲಗೆ ಜಗ್ಗಿ ಎಚ್ಚರಿಸಿದ. ಉತ್ತರವಿಲ್ಲ. ಇನ್ನೊಮ್ಮೆ ಜಗ್ಗಿದ. ದಾರ ಸಡಿಲವಾಗಿ ಬಂತು, ಬರುತ್ತಲೇ ಇತ್ತು, ಕೊನೆಗೆ ಆಚೆ ತುದಿಯೂ ಇವನ ಕಾಲ ಬಳಿ ಬಂದು ಬಿತ್ತು. ಅಷ್ಟರಲ್ಲಿ ಸೀರೆಗೆ ಫಾಲ್ ಹಚ್ಚುವ ಮಲ್ಲಸಮುದ್ರದ ಅಖ್ತರಿ ಕೈಯೆತ್ತಿ, "ಎರಡನೇ ಸಾಲಿನ್ಯಾಗ ಐತಲ್ರಿ, ಎದುರಿಗೇ!" ಎಂದು ಕೂಗಿದಳು. ಎಲ್ಲರೂ ನೋಡಿದರು. ಎದುರಿಗೇ ಇತ್ತು.

ನಂದೀಶ ದಾರವನ್ನು ಕಂಡ. ಸೀರೆಗಳನ್ನು ಸರಿಸಿದ. ಹಿಂದೆ ಸ್ಟೂಲಿನ ಮೇಲೆ ದ್ಯಾಮವ್ವ, ಮಡಿಲಲ್ಲಿ ಝೆರಾಕ್ಸ್, ಕೈಯಲ್ಲಿ ಏನೂ ಇಲ್ಲ. ವಿಷಯ ತಿಳಿದು ಜನ ನಕ್ಕರು, ಎಷ್ಟು ನಕ್ಕರೆಂದರೆ ಎದುರಿನ ಚಹಾದಂಗಡಿಯವರೂ ಓಡಿ ಬಂದರು. ತೋಟಪ್ಪನಿಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಎನಿಸಿತು.

"ಏನವಾ ತಂಗಿ ಇದು?" ಎಂದು ಅಂದಾನಪ್ಪ ಕೇಳಿದರು.

"ಇವರಿಗೆ ಕಣ್ಣಾಗ ಪೊರಿ ಬಂದು ಎರಡ ವರ್ಷ ಆತ್ರಿ ಸಾವ್ಕಾರ್ರ," ಎಂದಳು ದ್ಯಾಮವ್ವ.

"ಮತ್ತ ಇಷ್ಟ ದಿನ ನಡೆಸಿಕೊಂಡ ಬಂದಾಕಿ ಇವತ್ತ ಯಾಕ ನಡುವ ಕೈಬಿಟ್ಟಿ?"

ಅವಳು ಝೆರಾಕ್ಸ್ ಮಡಿಚಿ, "ಸಾಕಾತ್ರಿ," ಎಂದಳು.

ನೆರೆದ ಹೆಂಗಸರಿಗೆ ಆ ಒಂದು ಮಾತು ಹಿಡಿಸಿಬಿಟ್ಟಿತು. ಗಂಡನ ಕಣ್ಣು ನೆಟ್ಟಗಾಗಲೆಂದು ನಾಲ್ಕು ಜನರ ಮುಂದೆ ಬೇಕೆಂದೇ ದಾರ ಬಿಟ್ಟಳು, ಶಾಣ್ಯಾಕಿ ಎಂದರೆ ಇವಳು ಎಂದು ಅಲ್ಲೇ ತೀರ್ಮಾನವಾಯಿತು. ಅಂದಾನಪ್ಪ ಮಾತ್ರ ತೋಟಪ್ಪನ ಕಡೆ ತಿರುಗಿದರು. "ಎರಡ ವರ್ಷ ಕಣ್ಣಿಗಂತ ಪಗಾರ ಕೊಟ್ಟೆ, ನೀ ಬೆರಳ ತಂದ ಕುಂದ್ರಿಸಿದಿ. ಹೋಗು, ಕಣ್ಣ ಮಾಡಿಸ್ಕೊಂಡ ಬಾ. ಗಾದಿ ನಿಂದs. ಮಾಡಿಸ್ಕೊಳ್ಳದ ಬಂದಿ ಅಂದ್ರ ಹೊರಗ ಗಿರಾಕಿ ಚಪ್ಪಲಿ ಕಾಯಕೋತ ಕುಂದ್ರು."

ಸೋಮವಾರ ತೋಟಪ್ಪ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ದವಾಖಾನೆಗೆ ಹೋದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಬಂದವರಿಗೆಲ್ಲ ತಾನು ಕಲ್ಲಿನಂತೆ ಮಲಗಿದ್ದೆನೆಂದೂ, ಡಾಕ್ಟರೇ ಬೆರಗಾದರೆಂದೂ ಹೇಳಿದ. ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು. ಹನಿ ಹಾಕುವುದು, ಕರಿ ಚಾಳೀಸು ಹಾಕಿಕೊಂಡು ಕಟ್ಟೆಯ ಮೇಲೆ ಕೂರುವುದು, ಎಲ್ಲ ಮುಗಿದು ದಸರೆಯ ಹೊತ್ತಿಗೆ ಅಂಗಡಿಯಿಂದ ಖಬರ ಬಂತು, ನಾಳೆಯಿಂದ ಬಾ ಎಂದು. ಊರು ಎರಡು ದಿನ ನಕ್ಕು ಮರೆತಿತ್ತು. ಹೆಂಡತಿಯ ಮೇಲೆ ತೋಟಪ್ಪನಿಗೆ ಸ್ವಲ್ಪ ಸಿಟ್ಟು ಉಳಿದಿತ್ತು. ಒಳ್ಳೆಯದಕ್ಕೇ ಮಾಡಿದಳು, ಖರೆ. ಆದರೆ ನೂರೈವತ್ತು ಜನರ ಮುಂದೆಯೇ ಮಾಡಬೇಕಿತ್ತೇ?

ಮರುದಿನ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಪತ್ರಿಕೆ ಹರವಿದ. ಎರಡು ವರ್ಷದ ಮೇಲೆ ಅಕ್ಷರ ಅಕ್ಷರವಾಗಿ ಕಂಡಿತು. ಉದ್ದನ ಪದ ಹಿಡಿದ, ಅಪರೂಪದ ಅಕ್ಷರ ಹಿಡಿದ, ಹಾಸು ಹೊಕ್ಕು ಎರಡೂ ನೋಡಿದ. ಅರ್ಧ ಗಂಟೆಗೆ ಏಳು ಪದ ಸಿಕ್ಕವು. ಎಂಟನೆಯದು ಏನು ಮಾಡಿದರೂ ಸಿಗಲಿಲ್ಲ. ಎದುರಿಗೆ ಬಿಸಿಲಿನಲ್ಲಿ ದ್ಯಾಮವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು.

"ಏ, ಇಲ್ಲೊಂದ ಬಾ. ಇದೊಂದ ಎಲ್ಲೈತಿ ನೋಡು," ಎಂದು ಪತ್ರಿಕೆ ಚಾಚಿದ.

"ನೀವs ನೋಡ್ರಿ. ಈಗ ನಿಮಗ ಕಣ್ಣ ಬಂದಾವಲ್ಲ," ಎಂದಳು, ಆದರೂ ತಲೆ ಎತ್ತಿದಳು. ಬಿಸಿಲು ನೇರವಾಗಿ ಅವಳ ಮುಖದ ಮೇಲೆ ಬಿತ್ತು.

ತೋಟಪ್ಪ ಪತ್ರಿಕೆ ಕೆಳಗಿಟ್ಟ. ಎದ್ದು ಹೋಗಿ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. ಓಣಿಯಲ್ಲಿ ಯಾರಾದರೂ ನೋಡಿಯಾರೆಂದು ಅವಳು ಕೊಸರಿಕೊಂಡಳು, ಅವನು ಬಿಡಲಿಲ್ಲ. ಎಡಗಣ್ಣಿನ ಕಪ್ಪಿನ ಮೇಲೆ ಮಜ್ಜಿಗೆ ಹನಿ ಬಿದ್ದಂತೆ ಬೆಳ್ಳಗಾಗಿತ್ತು. ಬಲಗಣ್ಣಿನಲ್ಲೂ ಶುರುವಾಗಿತ್ತು. ಇದು ಏನೆಂದು ಬೇರೆಯವರು ಅವನಿಗೆ ಹೇಳಬೇಕಾಗಿರಲಿಲ್ಲ.

"ಎಂದಿಂದ?"

"ಯುಗಾದಿ ಹೊತ್ತಿಗೆ ಸುರು ಆತ್ರಿ."

ಯುಗಾದಿಯಾದ ಮೇಲೆ ಶ್ರಾವಣ. ತೋಟಪ್ಪನಿಗೆ ಲೆಕ್ಕ ಹಾಕಲು ಹೊತ್ತು ಬೇಕಾಗಲಿಲ್ಲ. "ಅವತ್ತ, ಅಂಗಡಿ ಮುಂದ..."

"ಕಾಣಲಿಲ್ರಿ. ಐದು ಹೆಂಗೋ ಸಿಕ್ಕುವು. ಮುಂದ ಎಲ್ಲಾ ಹಿಟ್ಟ ಕಲಸಿದಂಗಾತು. ಸುಳ್ಳ ಸುಳ್ಳ ಜಗ್ಗಿ ನಿಮ್ಮನ್ನ ತಪ್ಪ ಮನಿಗೆ ಕಳಸೋದಕಿಂತ ಬಿಡೋದs ಛಲೋ ಅಂತ ಬಿಟ್ಟೆ."

"ಊರ ಮಂದಿ ನಿನ್ನ ಶಾಣ್ಯಾಕಿ ಅಂತಾರ."

"ಅನ್ಲಿ ಬಿಡ್ರಿ. ಅರವತ್ತ ವರ್ಷದಾಗ ಒಂದ ಸಲಾ ಅಂದಾರ."

ತೋಟಪ್ಪನಿಗೆ ನಗು ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸೀರೆಯಲ್ಲಿ ಒಂದೆಳೆ ತಪ್ಪಿದರೂ ತನಗೆ ತಿಳಿಯುತ್ತದೆ ಎಂದು ಗಾದಿಯ ಮೇಲೆ ಕುಳಿತು ಹೇಳಿಕೊಂಡ ಮನುಷ್ಯ, ಮುಂಜಾನೆ ಮುಂಜಾನೆ ಈ ಕಣ್ಣುಗಳನ್ನು ಪತ್ರಿಕೆಗೆ ಹಚ್ಚಿಸಿ ಜಲ್ದಿ ಮಾಡು ಎಂದು ಗದರಿದ್ದ. ತನ್ನ ಮೇಲೆ ತನಗೇ ನಾಚಿಕೆಯಾಯಿತು. ನಾಚಿಕೆಯಾದಾಗ ಅವನು ಸಿಟ್ಟು ಮಾಡುವುದು ರೂಢಿ.

"ನನಗ ಹೋಗು ಹೋಗು ಅಂತ ಎರಡ ವರ್ಷ ಜೀವಾ ತಿಂದಿ. ನೀ ಯಾಕ ಹೋಗಲಿಲ್ಲ?"

ದ್ಯಾಮವ್ವ ಮೊರದ ಮೇಲೆ ಕೈಯಾಡಿಸುತ್ತ ಕೂತಳು. "ನನಗೂ ಹೆದರಿಕಿರಿ," ಎಂದಳು. "ನೀವ್ ಮೊದಲ ಹೋಗಿ ಬರ್ರಿ, ನಿಮಗೇನೂ ಆಗಲಿಲ್ಲಂದ್ರ ಆಮ್ಯಾಲೆ ನಾ ಹೋದ್ರಾತು ಅಂತ ಮಾಡಿದ್ದೆ."

ತೋಟಪ್ಪ ಪತ್ರಿಕೆ ಮಡಿಚಿಟ್ಟ. ಹತ್ತು ಗಂಟೆಗೆ ಗಾದಿ ಇವನಿಗಾಗಿ ಕಾಯುತ್ತಿತ್ತು. ಎಂಥ ಗಾದಿ, ಅದಕ್ಕಾಗಿ ಏನೆಲ್ಲ ಆಯಿತು. "ಏಳು, ಬ್ಯಾರೆ ಸೀರಿ ಉಟ್ಕೊ," ಎಂದ. "ಸಾವ್ಕಾರ್ರಿಗೆ ನಾಳೆ ಬರ್ತೀನಿ ಅಂತ ಫೋನ್ ಮಾಡತೀನಿ."

ಅವಳು ಸೀರೆ ಬದಲಿಸಿ ಬಂದು ಹೊಸ್ತಿಲಲ್ಲಿ ನಿಂತಳು, ಮುಂದೆ ಹೆಜ್ಜೆ ಇಡಲಿಲ್ಲ. "ಏನ್ರಿ, ಭಾಳ ನೋವಾಗತೈತೇನು? ಖರೆ ಹೇಳ್ರಿ."

ಡಾಕ್ಟರ ಕೈ ಗಟ್ಟಿಯಾಗಿ ಹಿಡಿದುಕೊಂಡು "ಬಿಡ್ರೀ ಯಪ್ಪಾ, ಮನೀಗೆ ಹೋಗ್ತೀನಿ" ಎಂದು ಇಡೀ ದವಾಖಾನೆಗೆ ಕೇಳುವಂತೆ ಚೀರಿದ್ದ ತೋಟಪ್ಪ, "ಏನೂ ಆಗಂಗಿಲ್ಲ," ಎಂದ. ದ್ಯಾಮವ್ವ ಅವನ ಮುಖವನ್ನು ಕಂಡಷ್ಟು ನೋಡಿದಳು. ನಂಬಲಿಲ್ಲ. ಆದರೂ ಚಪ್ಪಲಿ ಮೆಟ್ಟಿಕೊಂಡಳು.